ಸದ್ದು ಹುಡುಕುತ್ತಾ ನಡೆಯುವ ಆಟಗಳು: ಮಳೆಗಾಲದಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ವಿರಾಜಪೇಟೆ ಕಡೆಯ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುವುದು ನನ್ನ ಕೆಲಸ. ಜೂನ್ ಬಂತೆಂದರೆ ಪಾಠಕ್ಕೆ ಬಂದವರು ಮಳೆ ಬಿಡುವವರೆಗೆ ಇಲ್ಲೇ ಕೂರಬೇಕು, ಅದು ಬಿಡುವ ರೀತಿ ಕೊಡಗಿನವರಿಗೆ ಗೊತ್ತೇ ಇದೆ. ಆ ಹೊತ್ತು ಕಳೆಯಲೆಂದು ಕಂಪ್ಯೂಟರಿನಲ್ಲಿ ಕೆಲವು ಆಟ ತೋರಿಸತೊಡಗಿದೆ. ಎಲೆಕ್ಟ್ರಾನಿಕ್ ಸಂಗೀತ ಕಟ್ಟುವುದನ್ನೇ ಒಗಟಾಗಿ ಮಾಡಿರುವ, ಊರು ಸುತ್ತಿದ ಹಾಗೆ ಸುತ್ತಬೇಕಾದ ಆಟಗಳು. ಮಕ್ಕಳು, ಅವರನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು, ಒಂದಿಬ್ಬರು ಅಜ್ಜಿಯರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದಿಟ್ಟಿದ್ದೇನೆ.

ಮೊದಲ ಸಲ ಕೇಳುವವರಿಗೆ

ಇದು ಗಿಟಾರ್ ಹೀರೋ ಥರದ್ದಾ ಸಾರ್? ಬಣ್ಣ ಬಂದಾಗ ಬಟನ್ ಒತ್ತೋದು?

ಅಲ್ಲ. 2005ರಲ್ಲಿ ಬಂದ ಗಿಟಾರ್ ಹೀರೋದಲ್ಲಿ ಹಾಡು ಮೊದಲೇ ಸಿದ್ಧವಾಗಿರುತ್ತದೆ, ನಿಮ್ಮ ಕೆಲಸ ತಾಳ ತಪ್ಪದೆ ಅದನ್ನು ಹಿಂಬಾಲಿಸುವುದು. ನಾನು ಹೇಳುತ್ತಿರುವ ಆಟಗಳಲ್ಲಿ ಹಾಡು ಇಲ್ಲ. ಕೆಟ್ಟು ನಿಂತ ಯಂತ್ರಗಳ ಒಂದು ಲೋಕ ಇದೆ. ನೀವು ನಡೆದು ಹೋಗಿ, ಯಾವುದು ಏನು ಸದ್ದು ಮಾಡುತ್ತದೆ ಎಂದು ಕಿವಿಗೊಟ್ಟು, ಜೋಡಿಸಬೇಕು. ಜೋಡಿಸಿದ್ದು ಸರಿಯಾದರೆ ಬಾಗಿಲು ತೆರೆಯುತ್ತದೆ, ಜೊತೆಗೆ ಒಂದು ಸಂಗೀತದ ತುಂಡು ಹುಟ್ಟುತ್ತದೆ. ಅಂಕ ಇಲ್ಲ, ಸಮಯದ ಗಡುವು ಇಲ್ಲ, ಯಾರೂ ಗುಂಡು ಹೊಡೆಯುವುದಿಲ್ಲ.

ಸುಮ್ನೆ ಒಂದು ಹೆಸರು ಹೇಳಿ, ಅಲ್ಲಿಂದಲೇ ಶುರು ಮಾಡ್ತೀನಿ

ಫ್ರ್ಯಾಕ್ಟ್. ಪೂರ್ತಿ ಹೆಸರು ಫ್ರ್ಯಾಕ್ಟ್ ಓ.ಎಸ್.ಸಿ. ಆ ಮೂರಕ್ಷರ ಆಸಿಲೇಟರ್ ಎಂಬ ಪದದ ಮೊಟಕು ರೂಪ. ವಿದ್ಯುತ್ತಿನಿಂದಲೇ ಸದ್ದು ಕಟ್ಟುವ ವಾದ್ಯವಾದ ಸಿಂತಸೈಜರಿನ ಹೊಟ್ಟೆಯಲ್ಲಿ ಕೂತು ಮೂಲ ಸದ್ದು ಹುಟ್ಟಿಸುವ ಭಾಗಕ್ಕೆ ಆಸಿಲೇಟರ್ ಎನ್ನುತ್ತಾರೆ. ಕೆನಡಾದ ಮಾಂಟ್ರಿಯಲ್‌ನ ಫಾಸ್‌ಫೀಂಡ್ ಸಿಸ್ಟಮ್ಸ್ ಎಂಬ ಪುಟ್ಟ ತಂಡ ಇದನ್ನು ಮಾಡಿತು. ರಿಚರ್ಡ್ ಫ್ಲಾನಗನ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಮೊದಲ ರೂಪಕ್ಕೆ 2011ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಅತ್ಯುತ್ತಮ ವಿದ್ಯಾರ್ಥಿ ಆಟದ ಪ್ರಶಸ್ತಿ ಬಂತು. ಅದನ್ನು ಬೆಳೆಸಿ, ತಿದ್ದಿ, ಪೂರ್ತಿ ಆಟವಾಗಿ ಬಿಟ್ಟದ್ದು 2014ರ ಏಪ್ರಿಲ್‌ನಲ್ಲಿ.

ಆಟದ ಇಡೀ ನೆಲವೇ ಒಂದು ಸಿಂತಸೈಜರ್. ನೀವು ಅದರೊಳಗೆ ಇರುವೆಯ ಹಾಗೆ ನಡೆಯುತ್ತೀರಿ. ಕೆಳದನಿಯ ಬೇಸ್, ಮುಂದೆ ನಿಂತು ರಾಗ ಹೇಳುವ ಲೀಡ್, ಹಿಂದೆ ಹಾಸಿಗೆಯಂತೆ ಹರಡಿಕೊಳ್ಳುವ ಪ್ಯಾಡ್ ಎಂದು ಆ ಲೋಕಕ್ಕೆ ಬೇರೆ ಬೇರೆ ಸೀಮೆಗಳಿವೆ. ಒಂದೊಂದು ಒಗಟು ಬಿಡಿಸಿದಾಗಲೂ ಸ್ಟುಡಿಯೋ ಎಂಬ ಕೋಣೆಯಲ್ಲಿ ನಿಮಗೆ ಹೊಸ ಉಪಕರಣ ಸಿಗುತ್ತದೆ. ಅಲ್ಲಿ ಕೂತು ನಿಮ್ಮದೇ ಸಂಗೀತ ಕಟ್ಟಬಹುದು. ನನ್ನನ್ನು ಕೇಳಿದರೆ ಆಟವಾಗಿ ಅದಕ್ಕೆ ಕೊರತೆಗಳಿವೆ, ದಾರಿ ತಪ್ಪಿಸುವುದೇ ಹೆಚ್ಚು. ಆದರೆ ಸಿಂಥ್, ಅಂದರೆ ಸಿಂತಸೈಜರ್, ಏನೆಂದು ಕಲಿಸುವುದರಲ್ಲಿ ನನ್ನ ಹತ್ತು ಪಾಠಕ್ಕೆ ಅದರ ಒಂದು ಸಂಜೆ ಸಮ.

ನಂಗೆ ಸರಿಗಮನೂ ಬರಲ್ಲ. ಆಡಬಹುದಾ?

ಆಡಬಹುದು. ನಾಲ್ಕು ವರ್ಷ ಕೀಬೋರ್ಡ್ ಕಲಿತವರೇ ಹೆಚ್ಚು ತಡವರಿಸಿದ್ದನ್ನು ನೋಡಿದ್ದೇನೆ. ಅವರಿಗೆ ಬೆರಳು ಎಲ್ಲಿಡಬೇಕೆಂಬ ಚಿಂತೆ. ಏನೂ ಬಾರದವರು ಸುಮ್ಮನೆ ಕೇಳುತ್ತಾರೆ.

ಇಂಥದ್ದನ್ನ ಮೊದಲು ಮಾಡಿದ್ದು ಯಾರು?

ಒಬ್ಬರೆಂದು ಹೇಳಲಾಗದು, ಹಲವು ತೊರೆ ಕೂಡಿದ ಹೊಳೆ ಇದು. ಜಪಾನಿನ ತೊಷಿಯೊ ಇವಾಯಿ 1987ರಲ್ಲೇ ಒಟೋಕಿ ಎಂಬ ಆಟದಲ್ಲಿ ನೀವು ಹೊಡೆದ ಪ್ರತಿ ಹೊಡೆತವನ್ನೂ ತಾಳಕ್ಕೆ ಕೂರುವ ಸ್ವರವಾಗಿಸಿದ್ದರು. ಅವರೇ 2005ರಲ್ಲಿ ಎಲೆಕ್ಟ್ರೋಪ್ಲಾಂಕ್ಟನ್ ಮಾಡಿದರು. ಅದರಲ್ಲಿ ನೀರಿನ ಜೀವಿಗಳನ್ನು ಮುಟ್ಟಿದರೆ ಸಂಗೀತ, ಆದರೆ ಉಳಿಸಿಕೊಳ್ಳುವ ಸೌಲಭ್ಯವೇ ಇರಲಿಲ್ಲ. ನುಡಿಸಿದ್ದು ಅಲ್ಲಿಗೇ ಮುಗಿಯಿತು. 1990ರ ಲೂಮ್‌ನಲ್ಲಿ ನಾಲ್ಕು ಸ್ವರದ ಪುಟ್ಟ ಪಲುಕುಗಳೇ ಮಂತ್ರ.

ಸುತ್ತಾಟದ ಕಡೆಯಿಂದ ನೋಡಿದರೆ ದೊಡ್ಡಣ್ಣ ಮಿಸ್ಟ್, 1993ರದ್ದು. ಅದರ ಒಂದು ಲೋಕದಲ್ಲಿ ಕುರುಡು ಸುರಂಗದ ವಾಹನದಲ್ಲಿ ಕೂತು, ಯಾವ ದಿಕ್ಕಿಗೆ ಯಾವ ಸದ್ದು ಎಂಬುದನ್ನು ನೆನಪಿಟ್ಟುಕೊಂಡೇ ದಾರಿ ಹುಡುಕಬೇಕು. 2013ರ ಪ್ರೋಟಿಯಸ್‌ನಲ್ಲಿ ಒಗಟು ಇಲ್ಲವೇ ಇಲ್ಲ. ಒಂದು ದ್ವೀಪ, ನಾಲ್ಕು ಋತು, ನೀವು ಹತ್ತಿರ ಹೋದಂತೆ ಗಿಡ, ಪ್ರಾಣಿ, ಮಳೆ ಎಲ್ಲಕ್ಕೂ ಅದರದರ ಸ್ವರ. 2016ರ ದಿ ವಿಟ್ನೆಸ್‌ನ ಕಾಡಿನ ಭಾಗದಲ್ಲಿ ಹಕ್ಕಿಯ ಕೂಗಿನ ಏರಿಳಿತವೇ ಉತ್ತರ. ಆ ಕಾಡನ್ನು ನನ್ನ ತೋಟದ ಹುಡುಗರು ಬೇರೆಯವರಿಗಿಂತ ಬೇಗ ದಾಟಿದರು ಎಂದು ಹೇಳಿಕೊಳ್ಳಲು ನನಗೆ ಖುಷಿ.

ಬೆಳಗ್ಗೆಯಿಂದ ಅದೇ ನಾಲ್ಕು ಸದ್ದು! ಇದನ್ನ ಸಂಗೀತ ಅಂತಾರಾ ಮಗಾ?

ಇದು ಒಬ್ಬ ಅಜ್ಜಿಯ ಪ್ರಶ್ನೆ. ಅಜ್ಜೀ, ದುಡಿ ಹಿಡಿದು ನಾಲ್ವರು ಕೂತು ಹಾಡುವಾಗ ದುಡಿಯೂ ಅದನ್ನೇ ಮಾಡುತ್ತದಲ್ಲ. ಬಡಿತ ಬದಲಾಗುವುದಿಲ್ಲ, ಅದರ ಮೇಲೆ ಮಾತು ಬದಲಾಗುತ್ತದೆ. ತಂಬೂರಿ ಮೂರು ಗಂಟೆ ಒಂದೇ ಶ್ರುತಿ ಮೀಟಿದರೂ ಯಾರೂ ಗೊಣಗುವುದಿಲ್ಲ.

ಇದು ಯಂತ್ರದ್ದು, ನಮ್ಮದಲ್ಲ ಎಂದು ದೂರುವವರಿಗೆ ಇನ್ನೊಂದು ಮಾತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಎಂಬ ಕಂಪನಿಯ ಸಿಂತಸೈಜರ್ ಬಂದಿತ್ತು. ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಅಲ್ಲಿ ಸ್ಟುಡಿಯೋ ಕಟ್ಟಿಕೊಟ್ಟರು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಆ ಧ್ವನಿಮುದ್ರಿಕೆ ಮರುಬಿಡುಗಡೆಯಾದಾಗ ಯೂರೋಪಿನವರು ಬೆರಗಾದರು. ಹಾಗಾಗಿ ಇದು ನೆಂಟರ ಮನೆಯ ಸಂಗೀತವೇನಲ್ಲ. ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಇಯರ್‌ಫೋನ್ ಹಾಕಿಕೊಳ್ಳಲು ಮೊಮ್ಮಗನಿಗೆ ಹೇಳಿದ್ದೇನೆ.

ಕೊಳ್ಳುವ ಮುಂಚೆ

ನಮ್ಮ ಲ್ಯಾಪ್‌ಟಾಪ್ ಹಳೇದು, ಓಡುತ್ತಾ?

ಇವು ಬಹುಪಾಲು ಸರಳ ಚಿತ್ರದ, ಹತ್ತು ವರ್ಷ ಹಿಂದಿನ ಆಟಗಳು. ಸಾಧಾರಣ ವಿಂಡೋಸ್ ಯಂತ್ರದಲ್ಲಿ ಓಡುತ್ತವೆ. ಮ್ಯಾಕ್ ಇದ್ದವರು ಮಾತ್ರ ಎಚ್ಚರ: 2019ರಲ್ಲಿ ಬಂದ ಕ್ಯಾಟಲೀನಾ ಎಂಬ ಮ್ಯಾಕ್ ಆವೃತ್ತಿಯಿಂದ ಈಚೆಗೆ 32 ಬಿಟ್‌ನ ಹಳೆಯ ಆಟಗಳು ತೆರೆಯುವುದೇ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡದ್ದು ಸರಿಹೋಗದಿದ್ದರೆ ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ, ಹಣ ವಾಪಸ್ ಕೇಳಬಹುದು. ಆದ್ದರಿಂದ ಕೊಂಡ ದಿನವೇ ಒಮ್ಮೆ ತೆರೆದು ನೋಡಿ. ಕಾಫಿ ಕೊಯ್ಲು ಮುಗಿಯಲಿ ಎಂದು ಇಟ್ಟುಕೊಂಡು ಆಮೇಲೆ ಬೈದುಕೊಂಡರೆ ಪ್ರಯೋಜನವಿಲ್ಲ.

ನೆಟ್‌ವರ್ಕ್ ಸಿಗಲ್ಲ, ಕರೆಂಟ್ ಹೋದ್ರೆ ಮೂರು ದಿನ. ನಮ್ಮೂರಲ್ಲಿ ಇದೆಲ್ಲ ಆಗೋ ಮಾತಾ?

ಆಗುತ್ತದೆ. ಇಳಿಸಿಕೊಳ್ಳಲು ಮಾತ್ರ ನೆಟ್ ಬೇಕು. ಪೇಟೆಗೆ ಹೋದ ದಿನ ಆ ಕೆಲಸ ಮುಗಿಸಿ, ಸ್ಟೀಮ್ ಅನ್ನು ಒಮ್ಮೆ ಆಫ್‌ಲೈನ್‌ನಲ್ಲಿ ತೆರೆದು ನೋಡಿಕೊಂಡು ಮನೆಗೆ ಬನ್ನಿ.

ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರ್ ಕಿತ್ತಿಟ್ಟು ಬ್ಯಾಟರಿಯಲ್ಲೇ ಆಡಿ. ಹಿಂಗಾರಿನ ಒಂದು ಸಂಜೆ ಈ ಬುದ್ಧಿ ಬರುವ ಮುಂಚೆಯೇ ನನ್ನ ಅಡಾಪ್ಟರ್ ಸುಟ್ಟಿತು. ಇನ್ವರ್ಟರಿನಲ್ಲಿ ಸ್ಪೀಕರ್ ಹಾಕಿದಾಗ ಗುಂಯ್ ಎನ್ನುತ್ತದೆ ಎಂದು ಹಲವರ ದೂರು. ನಮ್ಮ ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುವ, ಅಂದರೆ 50 ಹರ್ಟ್ಸ್‌ನದು, ಗುಂಯ್‌ಗುಟ್ಟುವಿಕೆ ಹೆಚ್ಚಾಗಿ ಕೇಳುವುದು ಅದರ ಇಮ್ಮಡಿ, 100ರಲ್ಲಿ. ಕೀಬೋರ್ಡಿನಲ್ಲಿ ಕೆಳಗಿನ ಒಂದು ಜಿ ಸ್ವರ 98 ಹರ್ಟ್ಸ್. ಅಂದರೆ ಊರಿಗೆ ಊರೇ ಹೆಚ್ಚುಕಮ್ಮಿ ಜಿ ಶ್ರುತಿಯಲ್ಲಿ ಗುನುಗುತ್ತಿದೆ. ನನ್ನ ಒಬ್ಬ ವಿದ್ಯಾರ್ಥಿ ಆ ಕಾಟವನ್ನು ಓಡಿಸಲಾರದೆ ತನ್ನ ಟ್ಯೂನುಗಳನ್ನೆಲ್ಲ ಜಿಗೆ ಇಳಿಸಿಕೊಂಡಿದ್ದಾನೆ. ಬುದ್ಧಿವಂತ.

ಬ್ಲೂಟೂತ್ ಇಯರ್‌ಫೋನ್ ಸಾಲಲ್ವಾ?

ಹಾಡು ಕೇಳಲು ಸಾಕು, ಇದಕ್ಕೆ ಸಾಲದು. ಲೆಕ್ಕ ಹೀಗೆ: ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಒಂದು ಬಡಿತ ಅರ್ಧ ಸೆಕೆಂಡು. ಅದನ್ನು ನಾಲ್ಕು ಹೆಜ್ಜೆಯಾಗಿ ಒಡೆದರೆ ಹೆಜ್ಜೆಗೆ 125 ಮಿಲಿಸೆಕೆಂಡು. ಸಾಮಾನ್ಯ ಬ್ಲೂಟೂತ್ ಸದ್ದನ್ನು ತಲುಪಿಸುವಷ್ಟರಲ್ಲಿ ಅಷ್ಟೋ ಅದಕ್ಕಿಂತ ಹೆಚ್ಚೋ ತಡ ಮಾಡುತ್ತದೆ. ಕಣ್ಣು ಮೂರನೇ ಹೆಜ್ಜೆ ನೋಡುವಾಗ ಕಿವಿಗೆ ಎರಡನೆಯದು ಬಿದ್ದಿರುತ್ತದೆ. ವೈರ್ ಇರುವುದೇ ಬೇಕು, ದುಬಾರಿಯದ್ದೇ ಆಗಬೇಕಿಲ್ಲ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಬೇಸ್ ಬಹುತೇಕ ಬರುವುದೇ ಇಲ್ಲ, ಬೇಸ್ ಸೀಮೆಯ ಒಗಟನ್ನು ಅದರಲ್ಲಿ ಬಿಡಿಸುವುದು ಮೂಗು ಕಟ್ಟಿದಾಗ ಸಾರಿನ ರುಚಿ ನೋಡಿದ ಹಾಗೆ.

ದುಡ್ಡು ಹಾಕದೆ ರುಚಿ ನೋಡೋಕೆ ದಾರಿ ಇದೆಯಾ?

ಬ್ರೌಸರಿನಲ್ಲೇ ತೆರೆಯುವ ಗೂಗಲ್‌ನ ಕ್ರೋಮ್ ಮ್ಯೂಸಿಕ್ ಲ್ಯಾಬ್ ಚಿಕ್ಕ ಮಕ್ಕಳಿಗೆ ಒಳ್ಳೆಯದು. ದೊಡ್ಡವರಿಗೆ ಏಬಲ್‌ಟನ್ ಕಂಪನಿಯ ಲರ್ನಿಂಗ್ ಸಿಂಥ್ಸ್ ಎಂಬ ಉಚಿತ ಪಾಠಮಾಲೆ. ಎರಡೂ ಆಟವಲ್ಲ, ಆದರೆ ಈ ರುಚಿ ನಿಮಗೆ ಹಿಡಿಸುತ್ತದೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಆಡಲು ಕೂತ ಮೇಲೆ

ಒಳಗೆ ಹೋದ್ರೆ ಏನ್ ಮಾಡ್ಬೇಕು ಅಂತಾನೇ ಹೇಳಲ್ಲ. ಅರ್ಧ ಗಂಟೆ ಸುತ್ತಿ ಬಿಟ್ಬಿಟ್ಟೆ

ಎಲ್ಲರೂ ಬಿಡುವುದು ಅಲ್ಲೇ. ತಪ್ಪು ನಿಮ್ಮದಲ್ಲ, ಫ್ರ್ಯಾಕ್ಟ್ ನಿಜಕ್ಕೂ ಬಾಯಿ ಬಿಡುವುದಿಲ್ಲ. ಕಾಫಿ ತೋಟದಲ್ಲಿ ದಾರಿ ತಪ್ಪಿದಾಗ ಏನು ಮಾಡುತ್ತೀರಿ? ಎಲ್ಲ ಸಾಲೂ ಒಂದೇ ಥರ ಕಾಣುತ್ತವೆ, ನಿಂತು ತೋಡಿನ ನೀರಿನ ಸದ್ದು ಎತ್ತಲಿಂದ ಬರುತ್ತದೆ ಎಂದು ಕೇಳುತ್ತೀರಿ. ಇಲ್ಲೂ ಅಷ್ಟೇ. ನಡೆಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಮೌಸನ್ನು ನಿಧಾನಕ್ಕೆ ತಿರುಗಿಸಿ. ಎಡಕಿವಿಯಲ್ಲಿದ್ದ ಗುನುಗು ಎರಡೂ ಕಿವಿಗೆ ಸಮವಾದ ಕಡೆ ಯಂತ್ರವಿದೆ.

ಯಂತ್ರದ ಮುಂದೆ ನಿಂತಾಗ ಒಂದು ಸಲಕ್ಕೆ ಒಂದೇ ವಸ್ತುವನ್ನು ಅಲುಗಾಡಿಸಿ, ಏನು ಬದಲಾಯಿತು ಕೇಳಿ, ಆಮೇಲೆ ಇನ್ನೊಂದು. ನಾಲ್ಕನ್ನೂ ಒಟ್ಟಿಗೆ ತಿರುವಿದರೆ ಉತ್ತರ ಸಿಕ್ಕರೂ ಯಾಕೆ ಸಿಕ್ಕಿತೆಂದು ತಿಳಿಯುವುದಿಲ್ಲ, ಮುಂದಿನ ಕೋಣೆಯಲ್ಲಿ ಮತ್ತೆ ಕಟ್ಟುಬೀಳುತ್ತೀರಿ. ಬಿಡಿಸಿದವರ ವೀಡಿಯೋ ನೋಡಬೇಡಿ ಎಂದು ಹೇಳುವುದಿಲ್ಲ. ಒಂದು ಒಗಟಿಗೆ ಮಾತ್ರ ನೋಡಿ.

ಈ ಸೀಕ್ವೆನ್ಸರ್ ಅನ್ನೋದು ತಲೆಗೇ ಹತ್ತಲ್ಲ

ಚೌಕುಳಿಯ ಕಾಗದ ನೆನೆಸಿಕೊಳ್ಳಿ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಯಾವ ಮನೆಯನ್ನು ತುಂಬಿದಿರೋ ಅಲ್ಲಿ ಸದ್ದು, ಖಾಲಿ ಬಿಟ್ಟಲ್ಲಿ ಮೌನ. ಒಂದು ಗೆರೆ ಅದರ ಮೇಲೆ ಓಡುತ್ತಾ ಕೊನೆ ಮುಟ್ಟಿದೊಡನೆ ಮೊದಲಿಗೆ ಹಾರುತ್ತದೆ. ಸಾಮಾನ್ಯವಾಗಿ 16 ಮನೆ. ಆದಿತಾಳ ಕಲಿತವರಿಗೆ ಸುಲಭದ ಲೆಕ್ಕ: ಚತುರಶ್ರ ನಡೆಯಲ್ಲಿ ಎಂಟು ಅಕ್ಷರಕ್ಕೆ 32 ಮಾತ್ರೆ, 16 ಎಂದರೆ ಅರ್ಧ ಆವರ್ತ. ಮೊದಲು ಮೌನದ ಮನೆಗಳನ್ನು ಎಲ್ಲಿಡಬೇಕೆಂದು ಯೋಚಿಸಿ. ಮಕ್ಕಳು ಹದಿನಾರನ್ನೂ ತುಂಬಿ, ಗಿರಣಿಯ ಸದ್ದು ಬಂತು ಎಂದು ಅಳುತ್ತಾರೆ.

ಫಿಲ್ಟರ್, ಕಟಾಫ್, ರೆಸೊನೆನ್ಸ್... ಪುಸ್ತಕದ ಭಾಷೆ ಬಿಟ್ಟು ಹೇಳಿ

ಇದಕ್ಕೆ ಕೊಡಗಿನವರಿಗೆ ಪುಸ್ತಕ ಬೇಡ. ಗುಡ್ಡದಾಚೆ ಮದುವೆ ನಡೆಯುತ್ತಿದೆ ಅಂದುಕೊಳ್ಳಿ. ನಿಮ್ಮ ಅಂಗಳದಲ್ಲಿ ನಿಂತರೆ ಕೇಳುವುದು ಡೋಲಿನ ಢಂ ಢಂ ಮಾತ್ರ. ಸಣ್ಣ ಸ್ವರಗಳು, ತಾಳದ ಝಣ ಎಲ್ಲ ಗಾಳಿಯಲ್ಲಿ, ಮರಗಳಲ್ಲಿ, ಗುಡ್ಡದ ಮೈಯಲ್ಲಿ ಇಂಗಿಹೋಗಿವೆ. ಜೀಪ್ ಹತ್ತಿ ಹೊರಡುತ್ತೀರಿ. ಒಂದು ತಿರುವು ದಾಟಿದಾಗ ವಾದ್ಯದ ಧ್ವನಿ ಮಸುಕಾಗಿ ಕೇಳುತ್ತದೆ, ಇನ್ನೊಂದು ತಿರುವಿಗೆ ಅದು ಸ್ಪಷ್ಟವಾಗುತ್ತದೆ, ಮಂಟಪದ ಬಾಗಿಲಲ್ಲಿ ತಾಳದ ಲೋಹವೂ ಕಿವಿಗೆ ಚುಚ್ಚುತ್ತದೆ. ನುಡಿಸುವವರು ಏನನ್ನೂ ಬದಲಿಸಿಲ್ಲ. ಎತ್ತರದ ಕಂಪನಗಳು ನಿಮ್ಮವರೆಗೆ ಬರಲು ಶುರುವಾದವು, ಅಷ್ಟೆ. ಅದೇ ಲೋ ಪಾಸ್ ಫಿಲ್ಟರ್. ಕಟಾಫ್ ಎಂಬ ತಿರುಗಣಿ ಎಂದರೆ ನೀವು ಎಷ್ಟನೇ ತಿರುವಿನಲ್ಲಿದ್ದೀರಿ ಎಂಬುದು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ನಿಧಾನಕ್ಕೆ ಏರಿ ಏರಿ ಬಂದು ಮೈ ಝುಂ ಎನ್ನಿಸುವ ಜಾಗವಿದೆಯಲ್ಲ, ಬಹಳ ಸಲ ಅಲ್ಲಿ ನಡೆಯುತ್ತಿರುವುದು ಈ ಜೀಪ್ ಪ್ರಯಾಣವೇ.

ರೆಸೊನೆನ್ಸ್ ಎಂದರೆ ಆ ಗಡಿಯಲ್ಲಿರುವ ಕಂಪನವನ್ನು ಮಾತ್ರ ಎತ್ತಿ ಹಿಡಿಯುವುದು. ಹೆಚ್ಚಿಸಿದರೆ ಸದ್ದು ಸಿಳ್ಳೆ ಹಾಕತೊಡಗುತ್ತದೆ.

ಎನ್ವಲಪ್, ಅಂದರೆ ಒಂದು ಸದ್ದು ಹುಟ್ಟಿ ಸಾಯುವವರೆಗಿನ ಏರಿಳಿತ, ಅದನ್ನೂ ಇಲ್ಲೇ ಮುಗಿಸುತ್ತೇನೆ. ದುಡಿಗೆ ಬೆರಳು ಬಿದ್ದ ಕ್ಷಣವೇ ಸದ್ದು ತುದಿ ಮುಟ್ಟಿ ಮರುಕ್ಷಣ ಸಾಯುತ್ತದೆ. ಕೊಂಬು ಊದುವಾಗ ಉಸಿರು ತುಂಬುತ್ತಾ ಏರುತ್ತದೆ, ಉಸಿರಿರುವಷ್ಟು ಹೊತ್ತು ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಏರಿಕೆ, ಮೊದಲ ಇಳಿತ, ನಿಲುವು, ಬಿಡುವು ಎಂಬ ನಾಲ್ಕು ತಿರುಗಣಿಗಳಿಂದ ಒಂದೇ ಆಸಿಲೇಟರ್ ದುಡಿಯ ಹಾಗೂ ವರ್ತಿಸಬಹುದು, ಕೊಂಬಿನ ಹಾಗೂ.

ತಲೆ ಸುತ್ತುತ್ತೆ, ವಾಂತಿ ಬಂದ ಹಾಗಾಗುತ್ತೆ

ಭಾಗಮಂಡಲದ ಬಸ್ಸಿನಲ್ಲಿ ಆಗುವುದೇ ಇಲ್ಲೂ. ಕಣ್ಣು ಚಲಿಸಿದೆ ಎನ್ನುತ್ತದೆ, ಒಳಗಿವಿ ಇಲ್ಲ ಎನ್ನುತ್ತದೆ. ದೀಪ ಹಾಕಿಕೊಳ್ಳಿ, ಪರದೆಯಿಂದ ದೂರ ಕೂರಿ, ಇಪ್ಪತ್ತು ನಿಮಿಷಕ್ಕೆ ಎದ್ದುಬಿಡಿ. ಮೂರ್ಛೆರೋಗ ಇರುವವರು ಮಿನುಗುವ ಬೆಳಕಿನ ಇಂಥ ಆಟಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಒಳಗೆ ಇಳಿದವರಿಗೆ

ನಮ್ಮ ವಾಲಗದ ತಾಳ ಇದ್ರಲ್ಲಿ ಕೂರುತ್ತಾ? ಹದಿನಾರಕ್ಕೆ ಹೊಂದ್ತಾನೇ ಇಲ್ಲ

ಹೊಂದುವುದಿಲ್ಲ, ನಿಮ್ಮ ಕಿವಿ ಸರಿಯಾಗಿದೆ. ವಾಲಗಕ್ಕೆ ಕುಣಿಯುವಾಗಿನ ನಡೆ ನನ್ನ ಕಿವಿಗೂ ಮೂರರ ಗುಂಪಾಗಿಯೇ ಬೀಳುತ್ತದೆ, ತಿಶ್ರ. ಹದಿನಾರನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಆ ಒಂದೇ ಪ್ರತಿ ಸುತ್ತಿಗೂ ಎಡವಿಸುತ್ತದೆ. ಮನೆಗಳ ಸಂಖ್ಯೆ ಬದಲಿಸಲು ಬಿಡುವ ಸೀಕ್ವೆನ್ಸರ್ ಆದರೆ 12 ಮಾಡಿಕೊಳ್ಳಿ.

ಅದಕ್ಕಿಂತ ಸೊಗಸಾದ ಆಟ ಒಂದಿದೆ. ಬೇಸ್ 16ರಲ್ಲೇ ಓಡಲಿ, ಡೋಲು 12ರಲ್ಲಿ ಓಡಲಿ. ಎರಡೂ ಜಾರುತ್ತಾ, ಜಗಳವಾಡುತ್ತಾ ಹೋಗಿ 48ನೇ ಹೆಜ್ಜೆ ಮುಗಿದೊಡನೆ ಮತ್ತೆ ಸಮದಲ್ಲಿ ಕೂಡುತ್ತವೆ. ಅದು ಮೂರು, ಇದು ನಾಲ್ಕು ಸುತ್ತು ಮುಗಿಸಿರುತ್ತವೆ. ಕೂಡುವ ಆ ಜಾಗಕ್ಕೆ ಕೊಂಬಿನಂಥ ಒಂದು ಸ್ವರ ಇಡಿ. ಸ್ವರಗಳ ವಿಷಯದಲ್ಲಿ ಮಾತ್ರ ಸೋಲು ಒಪ್ಪಿಕೊಳ್ಳಬೇಕು. ಚೌಕುಳಿಯಲ್ಲಿ ಮನೆಯಿಂದ ಮನೆಗೆ ಜಿಗಿತವಿದೆ, ಜಾರಿಕೆಯಿಲ್ಲ. ಗಮಕ ಅದರ ಕೈಗೆ ಸಿಗುವುದಿಲ್ಲ.

ಮದುವೆಲಿ ರೆಕಾರ್ಡ್ ಮಾಡಿದ ವಾಲಗಾನ ಕತ್ತರಿಸಿ ನನ್ನ ಟ್ರ್ಯಾಕಿಗೆ ಹಾಕಬಹುದಾ?

ನುಡಿಸಿದವರನ್ನು ಕೇಳಿ ಹಾಕಿ. ಹಾಡು ಯಾರದೂ ಅಲ್ಲದಿರಬಹುದು, ನುಡಿಸಿದ್ದು ಅವರದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ, ಅವಧಿ 50 ವರ್ಷ. ಕಾಯ್ದೆ ಪಕ್ಕಕ್ಕಿರಲಿ, ವಾಲಗದವರಿಗೆ ಊಟವಾಯಿತೇ ಎಂದು ಕೇಳದ ಮದುವೆಗಳನ್ನು ಸಾಕಷ್ಟು ನೋಡಿದ್ದೇನೆ, ಹೆಸರನ್ನಾದರೂ ಕೇಳಿ ಬರೆದುಕೊಳ್ಳಿ. ದೇವರ ಪಾಟ್‌ಗಳಾದರೆ, ಅಂದರೆ ದೇವರ ಹಾಡುಗಳಾದರೆ, ಊರಿನ ಹಿರಿಯರಿಗೂ ಒಂದು ಮಾತು ಹೇಳಿ.

ಆಟ ಮುಗೀತು. ಇನ್ನೇನು?

ವಿ.ಸಿ.ವಿ. ರ‍್ಯಾಕ್ ಇಳಿಸಿಕೊಳ್ಳಿ, ಉಚಿತ. ಬಿಡಿ ಬಿಡಿ ಪೆಟ್ಟಿಗೆಗಳನ್ನು ವೈರಿನಿಂದ ಜೋಡಿಸುವ ಸಿಂಥ್ ಅದು. ಫ್ರ್ಯಾಕ್ಟ್‌ನಲ್ಲಿ ನೆಲದ ಮೇಲೆ ನಡೆದು ಜೋಡಿಸಿದ್ದನ್ನೇ ಇಲ್ಲಿ ಮೌಸಿನಿಂದ ಮಾಡುತ್ತೀರಿ. ಇಡೀ ಹಾಡು ಕಟ್ಟಬೇಕೆಂದರೆ ಎಲ್.ಎಂ.ಎಂ.ಎಸ್., ಅದೂ ಉಚಿತ.

ನಮ್ಮ ಕೊಡಗಿನದ್ದೇ ಒಂದು ಆಟ ನಾವೇ ಮಾಡೋಕಾಗುತ್ತಾ ಸಾರ್?

ಆಗುತ್ತದೆ, ಸಣ್ಣದು. ಚಿತ್ರ ಮತ್ತು ನಡಿಗೆಗೆ ಗೋಡೋ ಎಂಬ ಉಚಿತ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ. ಸದ್ದಿಗೆ ಮಿಲ್ಲರ್ ಪಕೆಟ್ ರೂಪಿಸಿದ ಪ್ಯೂರ್ ಡೇಟಾ, ಫ್ರ್ಯಾಕ್ಟ್ ತಂಡವೂ ಅದನ್ನೇ ಬಳಸಿತು. ಎರಡು ಉಪಾಯ ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಆದ ಹಾಗೆ. ಒಂದು, ಆಡುವವರು ಯಾವಾಗ ಒತ್ತಿದರೂ ಸದ್ದನ್ನು ಮುಂದಿನ ಹೆಜ್ಜೆಯವರೆಗೆ ತಡೆದು ಬಿಡಿ, ತಾಳ ತಪ್ಪುವುದೇ ಇಲ್ಲ. ಇನ್ನೊಂದು, ಸ್ವರಗಳನ್ನು ಮೋಹನದ ಐದಕ್ಕೆ ಕಟ್ಟಿಹಾಕಿ. ಸ ರಿ ಗ ಪ ದ ಯಾವುದರ ಪಕ್ಕ ಯಾವುದು ಬಂದರೂ ಕಿವಿಗೆ ಕಹಿಯಾಗದು. ಹೀಗೆ ಮಾಡಿದರೆ ಆಡುವವರು ಧೈರ್ಯವಾಗಿ ತಡಕಾಡುತ್ತಾರೆ. ತಪ್ಪು ಉತ್ತರವೂ ಕೇಳಲು ಚೆನ್ನಾಗಿರಬೇಕು, ಇಲ್ಲದಿದ್ದರೆ ಅದು ಪರೀಕ್ಷೆಯಾಗುತ್ತದೆ.

ನನ್ನ ಹುಡುಗರು ಒಂದನ್ನು ಶುರು ಮಾಡಿದ್ದಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ, ಈಗ ಪಾಳುಬಿದ್ದ ಒಂದು ಪಲ್ಪರ್ ಮನೆ, ಹೊರಗೆ ಮಳೆ. ಮೊದಲ ಕೋಣೆಯ ಸೂರು ಸೋರುತ್ತಿದೆ, ಕೆಳಗೆ ಮೂರು ಕೊಡಪಾನ. ನೀರು ತುಂಬುತ್ತಾ ಹೋದಂತೆ ಒಳಗಿನ ಗಾಳಿಯ ಕಂಬ ಕುಗ್ಗಿ ಸ್ವರ ಏರುತ್ತದೆ, ನಲ್ಲಿಯ ಕೆಳಗೆ ಕೊಡ ಇಟ್ಟವರಿಗೆಲ್ಲ ಗೊತ್ತಿರುವುದೇ. ಮೂರನ್ನೂ ಸರಿಯಾದ ಮಟ್ಟಕ್ಕೆ ತುಂಬಿಸಿ ಸ, ಗ, ಪ ಬರಿಸಿದರೆ ಒಳಬಾಗಿಲು ತೆರೆಯುತ್ತದೆ. ಅದು ಓಡುತ್ತಿದೆ, ನಾನೇ ಎರಡು ಸಲ ಸಿಕ್ಕಿಹಾಕಿಕೊಂಡೆ. ಎರಡನೇ ಕೋಣೆಯಲ್ಲಿ ಹಳೆಯ ಡೀಸೆಲ್ ಜನರೇಟರ್ ಬೇಸ್ ಆಗಬೇಕು. ಅದರ ಸದ್ದನ್ನು ಮಳೆ ಬೆರೆಯದಂತೆ ರೆಕಾರ್ಡ್ ಮಾಡಿಕೊಳ್ಳಬೇಕೆಂದು ಜೂನ್‌ನಿಂದ ಕಾಯುತ್ತಿದ್ದೇವೆ.